ಐದೇನಾ?

ನಮ್ಮ ಮನೆಗೆ ಬಂದವರು ಕಾಫಿ ಮುಗಿಸಿ ಹಿತ್ತಲಿಗೆ ಬರುತ್ತಾರೆ. ಕೊಳದ ಕಟ್ಟೆ ಮೇಲೆ ಕೂತು ನೀರಿಗೆ ಇಣುಕುತ್ತಾರೆ. ಕೆಂಪು ಬಿಳುಪಿನ ದೊಡ್ಡ ಮೀನೊಂದು ಆಳದಿಂದ ನಿಧಾನಕ್ಕೆ ಮೇಲೆ ಬಂದು ಬಾಯಿ ತೆರೆಯುತ್ತದೆ. ಅದರ ಹಿಂದೆ ಹಳದಿಯದು, ಅದರ ಹಿಂದೆ ಉಳಿದವು. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಎಣಿಸುತ್ತಾರೆ. ಎಣಿಸಿ ಮುಗಿಸಿ ನನ್ನ ಕಡೆ ತಿರುಗಿ ಕೇಳುತ್ತಾರೆ: "ಇಷ್ಟು ದೊಡ್ಡ ಕೊಳಕ್ಕೆ ಐದೇನಾ?"

ಮೂರು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಕೇಳಿದವರದ್ದು ತಪ್ಪಲ್ಲ. ಎಂಟು ಸಾವಿರ ಲೀಟರ್ ನೀರಲ್ಲಿ ಐದು ಮೀನು ಅಂದರೆ ಯಾರಿಗಾದರೂ ಖಾಲಿ ಅನ್ನಿಸುತ್ತದೆ. ನಾನು ಲೆಕ್ಕ ಹೇಳುತ್ತೇನೆ. ಒಂದು ಕೋಯಿ ಮೀನಿಗೆ, ಅಂದರೆ ಈ ಬಣ್ಣದ ಗೆಂಡೆಗೆ, ಸಾವಿರ ಲೀಟರ್ ಆದರೂ ಬೇಕು, ಅದು ಎರಡು ಅಡಿ ಬೆಳೆಯುತ್ತದೆ, ಇಪ್ಪತ್ತೈದು ಮೂವತ್ತು ವರ್ಷ ಬದುಕುತ್ತದೆ ಅಂತ. ಅವರು ತಲೆ ಆಡಿಸುತ್ತಾರೆ. ಮಾತು ಬೇರೆ ಕಡೆ ಹೋಗುತ್ತದೆ. ಆದರೆ ಅವರು ಹೋದ ಮೇಲೂ ಆ "ಐದೇನಾ" ನನ್ನೊಳಗೆ ಉಳಿಯುತ್ತದೆ. ಯಾಕಂದರೆ ನಾನು ಹೇಳಿದ ಲೆಕ್ಕ ನಿಜ, ಆದರೆ ಪೂರ್ತಿ ಅಲ್ಲ. ಈ ಹಿತ್ತಲಿಗೆ ನಾನು ತಂದದ್ದು ಹನ್ನೆರಡು ಮೀನು. ಅದನ್ನು ಬಂದವರ ಹತ್ತಿರ ನಾನು ಹೇಳುವುದೇ ಇಲ್ಲ.

ಗುಂಡಿ ತೋಡಿದ್ದು

ಅಮ್ಮ ಹೋದ ಮೇಲೆ ಅಪ್ಪ ತಿಪಟೂರಿನ ಹತ್ತಿರದ ಊರು ಬಿಟ್ಟು ಮೈಸೂರಿಗೆ ನಮ್ಮ ಜೊತೆ ಇರಲು ಬಂದರು. ಬದುಕಿಡೀ ತೆಂಗಿನ ತೋಟದಲ್ಲಿ ಓಡಾಡಿದ ಮನುಷ್ಯ. ಇಲ್ಲಿ ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಂಪೌಂಡ್ ಗೋಡೆ ನೋಡುತ್ತಾ ಕೂರುತ್ತಿದ್ದರು. ಅಡುಗೆಮನೆ ಕಿಟಕಿಯಿಂದ ದಿನಾ ಆ ಬೆನ್ನು ನೋಡುತ್ತಿದ್ದೆ. ಅವರ ಎದುರಿಗೆ ಗೋಡೆ ಬಿಟ್ಟು ಬೇರೆ ಏನಾದರೂ ಇರಬೇಕು ಅನ್ನಿಸಿತು. ಆಗ ನೆನಪಾದದ್ದು ಶೃಂಗೇರಿ. ನಾನು ಚಿಕ್ಕವಳಿದ್ದಾಗ, ಕೊಬ್ಬರಿ ಮಾರಿ ಕೈಯಲ್ಲಿ ದುಡ್ಡು ಆಡುವ ಹೊತ್ತಿಗೆ ಅಪ್ಪ ನಮ್ಮನ್ನೆಲ್ಲ ಶೃಂಗೇರಿಗೆ ಕರೆದುಕೊಂಡು ಹೋಗುತ್ತಿದ್ದರು. ಎಲ್ಲಿ ಹೋದರೂ "ನಡೀರಿ ನಡೀರಿ, ಬಸ್ಸು ಹೋಗ್ತದೆ" ಅನ್ನುವ ಅಪ್ಪ ತುಂಗೆಯ ಮೆಟ್ಟಿಲ ಮೇಲೆ ಮಾತ್ರ ಸುಮ್ನೆ ಕೂರುತ್ತಿದ್ದರು. ದೇವರ ಮೀನುಗಳಿಗೆ ಒಂದೊಂದೇ ಹಿಡಿ ಮಂಡಕ್ಕಿ ಹಾಕುತ್ತಾ ಒಂದು ಗಂಟೆ ಕಳೆದುಬಿಡುತ್ತಿದ್ದರು. ಅವಸರವಿಲ್ಲದ ಅಪ್ಪನನ್ನು ನಾನು ನೋಡಿದ್ದು ಅಲ್ಲೊಂದೇ.

ಕೋಯಿ ಮೀನನ್ನು ಬೆಂಗಳೂರಿನಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ನೋಡಿದ್ದೆ. ಗಾಜಿನ ತೊಟ್ಟಿಯ ಮೀನಿನ ಹಾಗಲ್ಲ ಅದು. ಅದನ್ನು ಮೇಲಿಂದ ನೋಡಬೇಕು. ಅದರ ಬಣ್ಣವೆಲ್ಲ ಬೆನ್ನ ಮೇಲಿರುತ್ತದೆ. ಕುರ್ಚಿಯಲ್ಲಿ ಕೂತು ಕೆಳಗೆ ನೋಡುವವರಿಗೆ ಹೇಳಿ ಮಾಡಿಸಿದ ಮೀನು.

ಗಾರೆ ಮೇಸ್ತ್ರಿ ಬಂದು ಜಾಗ ನೋಡಿ "ಸಂಪ್ ತರಾನೇ ಅಲ್ವಾ ಮೇಡಂ?" ಅಂದರು. ಕಟ್ಟುವ ಮಟ್ಟಿಗೆ ಅವರ ಮಾತು ಸರಿ. ಹತ್ತು ಅಡಿ ಉದ್ದ, ಏಳು ಅಡಿ ಅಗಲ, ನೀರು ನಾಲ್ಕು ಅಡಿ. ಕೆಳಗೆ ಕಂಬಿ ಕಟ್ಟಿ ಕಾಂಕ್ರೀಟ್ ಬೆಡ್, ಸುತ್ತ ಸಾಲಿಡ್ ಬ್ಲಾಕ್ ಗೋಡೆ, ಒಳಗೆ ವಾಟರ್‌ಪ್ರೂಫಿಂಗ್ ಹಾಕಿದ ಪ್ಲಾಸ್ಟರಿಂಗ್. ಎರಡೇ ಎರಡು ವಿಷಯದಲ್ಲಿ ನಾನು ಹಟ ಹಿಡಿದೆ. ಒಂದು, ಗೋಡೆ ನೇರವಾಗಿ ಇಳಿಯಬೇಕು, ಮೆಟ್ಟಿಲು ಬೇಡ. ಮೆಟ್ಟಿಲಿದ್ದರೆ ಕೊಕ್ಕರೆ ಅದರ ಮೇಲೆ ನಿಂತು ಆರಾಮವಾಗಿ ಮೀನು ಹಿಡಿಯುತ್ತದೆ. ಇನ್ನೊಂದು, ತಳ ನಾಲ್ಕೂ ಕಡೆಯಿಂದ ನಡುವಿಗೆ ಇಳಿಜಾರಾಗಿರಬೇಕು, ಅಲ್ಲೊಂದು ನಾಲ್ಕು ಇಂಚಿನ ಪೈಪ್ ಇರಬೇಕು. ಮೀನಿನ ಹೇಲು, ಉದುರಿದ ಎಲೆ ಎಲ್ಲ ಉರುಳಿ ಅಲ್ಲಿಗೇ ಬಂದು ಹೊರಗಿನ ಫಿಲ್ಟರಿಗೆ ಹೋಗಬೇಕು. ಫಿಲ್ಟರ್ ಅಂದರೆ ಮೂರು ನೀಲಿ ಡ್ರಮ್. ಮೊದಲನೆಯದರಲ್ಲಿ ಬ್ರಶ್, ಎರಡನೆಯದರಲ್ಲಿ ಸ್ಪಾಂಜ್, ಮೂರನೆಯದರಲ್ಲಿ ಹಳೇ ಮಂಗಳೂರು ಹೆಂಚಿನ ಚೂರು. ಹೆಂಚಿನ ಮೈಯಲ್ಲಿ ಸಣ್ಣ ಸಣ್ಣ ತೂತಿರುತ್ತವೆ, ನೀರಿನ ವಿಷ ಕಳೆಯುವ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳಲು ಒಳ್ಳೆಯ ಜಾಗ. ಗಂಟೆಗೆ 6,000 ಲೀಟರ್ ಎತ್ತುವ ಪಂಪು. ಎಲ್ಲ ಓದಿಕೊಂಡು ಮಾಡಿದ್ದೆ. ನೋಟ್ ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಹೊಸ ಸಿಮೆಂಟಿನ ಬಗ್ಗೆ ಮಾತ್ರ ಓದಿರಲಿಲ್ಲ.

ಹನ್ನೆರಡು

ಪ್ಲಾಸ್ಟರಿಂಗ್ ಮುಗಿದು ಒಂದು ವಾರ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡಿದೆವು. ಆ ನೀರು ಬಿಟ್ಟು ಹೊಸ ನೀರು ತುಂಬಿಸಿದೆವು. ಮಾರನೇ ದಿನ ಯುಗಾದಿ. ಅಪ್ಪನಿಗೆ ಹಬ್ಬದ ದಿನವೇ ಮೀನು ತೋರಿಸಬೇಕು ಅಂತ ನನಗೆ ಆಸೆ. ಅಂಗಡಿಯಲ್ಲಿ ನಾಲ್ಕು ಇಂಚಿನ ಮರಿಗಳು ಒಂದೇ ತೊಟ್ಟಿಯಲ್ಲಿ ನೂರಾರು ಇದ್ದವು. ಆರು ತಗೊಳ್ಳೋಣ ಅಂತ ಹೋದವಳು ಹನ್ನೆರಡು ತಗೊಂಡೆ. ಅಷ್ಟು ಚಿಕ್ಕವು. ನಮ್ಮ ಕೊಳವನ್ನು ನೆನೆಸಿಕೊಂಡರೆ ಹನ್ನೆರಡೂ ಕಮ್ಮಿಯೇ ಅನ್ನಿಸಿತು. ಮನೆಗೆ ತಂದು, ಪ್ಲಾಸ್ಟಿಕ್ ಚೀಲವನ್ನು ಅರ್ಧ ಗಂಟೆ ನೀರಲ್ಲಿ ತೇಲಿಸಿ, ಅಪ್ಪನ ಕೈಯಿಂದಲೇ ಬಿಡಿಸಿದೆ. ಹನ್ನೆರಡೂ ಗುಂಪಾಗಿ ಒಂದು ಸುತ್ತು ಹಾಕಿ ತಳಕ್ಕೆ ಹೋದವು. ಅಪ್ಪ ಕತ್ತಲಾಗುವವರೆಗೂ ಎದ್ದು ಬರಲಿಲ್ಲ.

ಮರುದಿನ ಬೆಳಗ್ಗೆ ಅಪ್ಪನೇ ನನ್ನನ್ನು ಎಬ್ಬಿಸಿದರು. "ಒಂದ್ಸಲ ಬಾಮ್ಮ" ಅಂದರು ಅಷ್ಟೇ. ಎರಡು ಮೀನು ಮಗ್ಗುಲಾಗಿ ತೇಲುತ್ತಿದ್ದವು. ಉಳಿದವು ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮೈ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳೀ ಲೋಳೆ. ಏನಾಗಿದೆ ಅಂತ ಗೊತ್ತಾಗಲಿಲ್ಲ. ಮಗನ ಶಾಲೆಯ ಪ್ರಯೋಗಕ್ಕೆ ತಂದಿದ್ದ, ನೀರಿನ ಹುಳಿ, ಕ್ಷಾರ ಅಳೆಯುವ ಪಿಎಚ್ ಕಾಗದ ಮನೆಯಲ್ಲಿತ್ತು. ಅದ್ದಿ ನೋಡಿದೆ. ಗಾಢ ನೀಲಿ. 10 ದಾಟಿತ್ತು. 7 ಅಂದರೆ ಎರಡೂ ಅಲ್ಲದ ನೀರು, ಅದಕ್ಕಿಂತ ಮೇಲೆ ಹೋದಷ್ಟೂ ಕ್ಷಾರ. ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತಲೇ ಇರುತ್ತದೆ. ಒಂದು ವಾರಕ್ಕೆ ಅದು ಮುಗಿಯುವುದಿಲ್ಲ. ಸಂಪಿನಲ್ಲಾದರೆ ನಮಗೆ ಗೊತ್ತಾಗುವುದೇ ಇಲ್ಲ. ಆದರೆ 7ರ ಆಸುಪಾಸಿನ ನೀರಿನಿಂದ ಬಂದ ಮೀನಿಗೆ ಅದು ಸುಣ್ಣದ ನೀರಲ್ಲಿ ಕಣ್ಣು ಬಿಟ್ಟ ಹಾಗೆ. ಕಿವಿರು ಸುಟ್ಟುಹೋಗುತ್ತದೆ. ನಾನು ನೀರನ್ನು ನೋಡಿದ್ದೆ. ತಿಳಿಯಾಗಿತ್ತು. ತಿಳಿಯಾಗಿದ್ದರೆ ಸಾಕು ಅಂದುಕೊಂಡಿದ್ದೆ.

ಅವಸರದಲ್ಲಿ ಐನೂರು ಲೀಟರಿನ ಪ್ಲಾಸ್ಟಿಕ್ ತೊಟ್ಟಿಗೆ ಬೋರ್‌ವೆಲ್ ನೀರು ತುಂಬಿಸಿ ಮೀನುಗಳನ್ನು ಎತ್ತಿ ಬಿಟ್ಟೆವು. ಸಂಜೆಯೊಳಗೆ ಇನ್ನೆರಡು ಹೋದವು. ಎಂಟು ಉಳಿದವು. ಎರಡು ದಿನ ಕಳೆದ ಮೇಲೆ ಚೇತರಿಸಿಕೊಂಡವು, ತಿನ್ನಲು ಶುರು ಮಾಡಿದವು. ಉಳಿದವಲ್ಲ ಅನ್ನುವ ಸಂತೋಷಕ್ಕೆ ನಾನು ದಿನಕ್ಕೆ ನಾಲ್ಕು ಸಲ ಕಾಳು ಹಾಕಿದೆ. ಅಲ್ಲಿ ಎರಡನೇ ತಪ್ಪಾಯಿತು. ಮೀನು ಉಸಿರಾಡುವ ಕಿವಿರಿನಿಂದಲೇ ಅಮೋನಿಯ ಹೊರಗೆ ಬಿಡುತ್ತದೆ. ತಿಂದಷ್ಟೂ ಅದು ಜಾಸ್ತಿ. ಹಳೆಯ ಕೊಳದಲ್ಲಾದರೆ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಆ ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಆ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನನ್ನ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಅವು ಇರಲೇ ಇಲ್ಲ. ಅದರ ಮೇಲೆ ಬೋರ್‌ವೆಲ್ ನೀರಿನ ಪಿಎಚ್ 8 ದಾಟಿತ್ತು. 25 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ದರೆ ಅಮೋನಿಯದ ನೂರರಲ್ಲಿ ಒಂದು ಪಾಲೂ ವಿಷದ ರೂಪದಲ್ಲಿರುವುದಿಲ್ಲ. 8ಕ್ಕೆ ಏರಿದರೆ ನೂರಕ್ಕೆ ಐದು ಪಾಲು, 9ಕ್ಕೆ ಏರಿದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಈ ಲೆಕ್ಕ ನನಗೆ ಗೊತ್ತಾದದ್ದು ಆ ವಾರದ ಕೊನೆಗೆ. ಅಷ್ಟರಲ್ಲಿ ಇನ್ನೂ ಮೂರು ಹೋಗಿದ್ದವು.

ಏಳನ್ನೂ ಅಪ್ಪನೇ ಹಿತ್ತಲ ಮೂಲೆಯ ಬಾಳೆ ಬುಡದಲ್ಲಿ ಹೂತರು. ಒಂದೊಂದು ಸಲವೂ ಸಣ್ಣ ಗುಂಡಿ ತೆಗೆದು, ಮಣ್ಣು ಮುಚ್ಚಿ, ಅಂಗೈಯಲ್ಲಿ ತಟ್ಟಿ ಬರುತ್ತಿದ್ದರು. ಕೈ ತೊಳೆದುಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರಿಗಾಗಿ ತಂದ ಮೀನನ್ನು ಅವರ ಕೈಯಲ್ಲೇ ಹೂಳಿಸಿದೆನಲ್ಲ ಅನ್ನುವ ಸಂಕಟ ಇವತ್ತಿಗೂ ಹೋಗಿಲ್ಲ.

ಗರಿಯ ಅಳತೆ

ಪಕ್ಕದ ಮನೆಯವರು ಕೇರಳದವರು. ವಿಷಯ ಕೇಳಿ ಬಂದು ನೋಡಿ, ಸಿಮೆಂಟಿನ ಸುಣ್ಣ ಹೋಗಲು ಹೊಸ ತೊಟ್ಟಿಗೆ ಬಾಳೆದಿಂಡು ಹಾಕಬೇಕಿತ್ತು ಅಂದರು. ಅವರ ಊರಲ್ಲಿ ಹಾಗೇ ಮಾಡುತ್ತಾರಂತೆ. ಬಾಳೆ ಕಡಿದು, ದಿಂಡನ್ನು ತುಂಡು ಮಾಡಿ ಕೊಳದ ನೀರಿಗೆ ಹಾಕಿದೆವು. ಹತ್ತು ದಿನಕ್ಕೆ ಕೊಳೆತು ನೀರು ಕಂದಾಯಿತು, ನಾತ ಬಂತು. ಎಲ್ಲ ತೆಗೆದು, ನೀರು ಬಿಟ್ಟು, ಗೋಡೆ ಉಜ್ಜಿ, ಮತ್ತೆ ತುಂಬಿಸಿ, ಮತ್ತೆ ದಿಂಡು ಹಾಕಿದೆವು. ಹೀಗೆ ಮೂರು ಸಲ. ಐದು ವಾರ ಆದ ಮೇಲೆ ತುಂಬಿಸಿದ ನೀರು ನಾಲ್ಕು ದಿನ ನಿಂತರೂ 8ರ ಹತ್ತಿರವೇ ಇತ್ತು. ಅಷ್ಟು ದಿನವೂ ತೊಟ್ಟಿಯ ಐದು ಮೀನಿಗೆ ದಿನಾ ಮೂರನೇ ಒಂದು ಭಾಗ ನೀರು ಬದಲಾಯಿಸಿದೆ. ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಅಂತ ಹಿಂದಿನ ದಿನವೇ ಡ್ರಮ್ಮಿನಲ್ಲಿ ಹಿಡಿದು ಗಾಳಿ ಆಡಿಸಿ ಇಡುತ್ತಿದ್ದೆ. ಕಾಳು ಎರಡು ದಿನಕ್ಕೊಮ್ಮೆ, ಚಿಟಿಕೆಯಷ್ಟು. ಸಾವಿರ ಲೀಟರಿಗೆ ಮೂರು ಕೆಜಿ ಲೆಕ್ಕದಲ್ಲಿ ಕಲ್ಲುಪ್ಪು. ನೈಟ್ರೈಟ್ ಏರಿದಾಗ ಉಪ್ಪು ಮೀನನ್ನು ಕಾಯುತ್ತದೆ. ಐದೂ ಉಳಿದವು.

ಅವನ್ನು ಕೊಳಕ್ಕೆ ಬಿಟ್ಟ ದಿನ ನಾನು ಮತ್ತೆ ಅಂಗಡಿಗೆ ಹೋಗಲು ಹೊರಟಿದ್ದೆ. ಈಗ ಎಲ್ಲ ಗೊತ್ತಾಗಿದೆ, ಆ ಏಳರ ಜಾಗ ತುಂಬಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ಗಾಡಿ ಕೀ ಹುಡುಕುತ್ತಿದ್ದಾಗ ಅಪ್ಪ ಹಿತ್ತಲಿಂದ ಕರೆದರು.

"ಇವು ಎಷ್ಟುದ್ದ ಬೆಳೀತವೆ ಕಣಮ್ಮ?"

"ಎರಡಡಿ ಬರ್ತವೆ ಅಪ್ಪ."

ಅಪ್ಪ ಬಾಳೆ ಎಲೆಯ ದಂಟು ಒಂದನ್ನು ಎರಡಡಿ ಉದ್ದಕ್ಕೆ ಮುರಿದರು. ಕೊಳದ ಕಟ್ಟೆಯ ಅಂಚಿನಲ್ಲಿ ಅದನ್ನು ಇಟ್ಟು, ಎತ್ತಿ, ಮುಂದಕ್ಕೆ ಇಟ್ಟು, ಅಳೆಯುತ್ತಾ ಹೋದರು. ಉದ್ದಕ್ಕೆ ಐದು ಸಲ. ಅಗಲಕ್ಕೆ ಮೂರೂವರೆ ಸಲ. ದಂಟು ಕೈಯಲ್ಲಿ ಹಿಡಿದುಕೊಂಡು ಕೇಳಿದರು: "ಹನ್ನೆರಡೂ ಎಲ್ಲಿ ತಿರುಗ್ಬೇಕು?"

ಆ ದಂಟು ನೋಡಿದ ಕೂಡಲೇ ನನಗೆ ಬೇರೆ ಒಂದು ದಿನ ಕಣ್ಣಿಗೆ ಬಂತು. ಆಗ ನನಗೆ ಎಂಟೋ ಒಂಬತ್ತೋ. ತೋಟದ ಮೇಲಿನ ಭಾಗದಲ್ಲಿ ಹೊಸದಾಗಿ ತೆಂಗಿನ ಸಸಿ ಇಡುತ್ತಿದ್ದರು. ಅಪ್ಪ ಮೂವತ್ತು ಅಡಿಗೊಂದು ಗೂಟ ಹೊಡೆದು ಹಗ್ಗ ಎಳೆದಿದ್ದರು. ಮೊಣಕಾಲುದ್ದದ ಸಸಿಗಳು. ಒಂದರಿಂದ ಇನ್ನೊಂದಕ್ಕೆ ಓಡಿದರೆ ನನಗೆ ಏದುಸಿರು ಬರುತ್ತಿತ್ತು. ಚಿಕ್ಕಪ್ಪ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತು "ಅಣ್ಣಯ್ಯ, ಇಷ್ಟೊಂದು ಜಾಗ ಸುಮ್ನೆ ಬಿಡ್ತಿದ್ದೀಯಲ್ಲ, ನಡುವೆ ಇನ್ನೊಂದೊಂದು ಸಸಿ ಕೂರ್ತದೆ" ಅಂದರು. ಅಪ್ಪ ಹಳೇ ಮರದ ಬುಡದಲ್ಲಿ ಬಿದ್ದಿದ್ದ ಒಣಗರಿಯನ್ನು ಎಳೆದು ತಂದರು. ಅದರ ಬುಡ ಸಸಿಯ ಹತ್ತಿರ ಇಟ್ಟು ಉದ್ದಕ್ಕೆ ಮಲಗಿಸಿದರು. ಹದಿನೈದು ಅಡಿ. ಎದುರಿನ ಸಸಿಯಿಂದ ಈ ಕಡೆಗೆ ಇನ್ನೊಂದು ಗರಿ. ಎರಡರ ತುದಿ ನಡುವೆ ಬಂದು ಮುಟ್ಟಿದವು. "ಇನ್ನೊಂದು ಇಟ್ರೆ ಗರಿ ಎಲ್ಲಿಗೆ ಹೋಗ್ಬೇಕು?" ಅಂದರು. ಚಿಕ್ಕಪ್ಪ ತಮ್ಮ ಪಾಲಿನಲ್ಲಿ ಹದಿನೆಂಟು ಅಡಿಗೇ ಇಟ್ಟರು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಆ ಮರಗಳು ಬಿಸಿಲು ಹುಡುಕಿಕೊಂಡು ಸೊಟ್ಟಗೆ ಸಣ್ಣಗೆ ಮೇಲೆ ಹೋಗಿದ್ದವು. ಕಾಯಿಯೂ ಕಮ್ಮಿ. ಅಪ್ಪ ಅದರ ಬಗ್ಗೆ ಯಾವತ್ತೂ ಮಾತೆತ್ತಲಿಲ್ಲ. ತಮ್ಮ ಸಸಿಗಳ ನಡುವಿನ ಜಾಗದಲ್ಲಿ ಅಷ್ಟೂ ವರ್ಷ ಹುರುಳಿ, ಅಲಸಂದೆ ಬೆಳೆದುಕೊಂಡರು.

ಗಾಡಿ ಕೀಯನ್ನು ಮೊಳೆಗೆ ತಗುಲಿಹಾಕಿದೆ. ಅಂಗಡಿಗೆ ಹೋಗಲಿಲ್ಲ.

ದೂರದ ಬೆಟ್ಟದ ಕೊಳಗಳು

ಆ ದಿನಗಳಲ್ಲಿ ರಾತ್ರಿ ಕೂತು ಈ ಮೀನಿನ ಊರಿನ ಬಗ್ಗೆ ತುಂಬಾ ಓದಿದೆ. ಜಪಾನಿನ ನಿಗಾಟಾ ಪ್ರಾಂತ್ಯ. ಅಲ್ಲಿ ಯಮಕೋಶಿ ಅನ್ನುವ ಬೆಟ್ಟದ ಹಳ್ಳಿ. ಚಳಿಗಾಲದಲ್ಲಿ ಆಳೆತ್ತರ ಹಿಮ. ಬೆಟ್ಟಕ್ಕೆ ಮೆಟ್ಟಿಲು ಕೊರೆದ ಭತ್ತದ ಗದ್ದೆಗಳು, ಅವಕ್ಕೆ ನೀರುಣಿಸುವ ಕೊಳಗಳು. ಆ ಕೊಳಗಳಲ್ಲಿ ರೈತರು ಚಳಿಗಾಲದ ಊಟಕ್ಕೆ ಗೆಂಡೆ ಮೀನು ಸಾಕುತ್ತಿದ್ದರು. ಇನ್ನೂರು ವರ್ಷದ ಹಿಂದೆ ಅದರಲ್ಲಿ ಕೆಲವಕ್ಕೆ ತಾನಾಗಿ ಕೆಂಪು ಮಚ್ಚೆ ಬಂತು. ಅವನ್ನು ತಿನ್ನದೆ ಬೇರೆ ಇಟ್ಟರು. ಅಲ್ಲಿಂದ ಬಂದದ್ದು ಇದೆಲ್ಲ. 1914ರಲ್ಲಿ ಟೋಕಿಯೊದ ವಸ್ತುಪ್ರದರ್ಶನಕ್ಕೆ ಹೋದ ಮೇಲೆ ಹೊರಗಿನವರಿಗೆ ಗೊತ್ತಾಯಿತು. ಅಂದರೆ ನಮ್ಮ ಮೀನಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಸಾಮಾನ್ಯ ಗೆಂಡೆಯ ಹತ್ತಿರದ ನೆಂಟ ಇದು. ಅರಮನೆಯ ಮೀನಲ್ಲ, ರೈತರ ಮೀನು. ಇದನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ತುಂಬಾ ಖುಷಿಯಾಯಿತು.

ಆ ಹಳ್ಳಿಯವರು ಮೀನು ಆರಿಸುವ ಬಗೆ ಓದಿದಾಗ ಮಾತ್ರ ಮನಸ್ಸಿಗೆ ಕಷ್ಟವಾಯಿತು. ಒಂದು ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮರಿ ಒಂದೆರಡು ತಿಂಗಳಿಗೆ ಬಂದಾಗಿನಿಂದ ಮತ್ತೆ ಮತ್ತೆ ಆರಿಸುತ್ತಾ ಹೋಗುತ್ತಾರೆ. ಕೊನೆಗೆ ಉಳಿಯುವುದು ಕೆಲವೇ. ಉಳಿದ ಆ ಕೆಲವನ್ನು ಬೇಸಿಗೆಯಲ್ಲಿ ಬೆಟ್ಟದ ದೊಡ್ಡ ಮಣ್ಣಿನ ಕೊಳಗಳಿಗೆ ಬಿಡುತ್ತಾರೆ. ಆ ಕೊಳದ ಅಗಲಕ್ಕೆ, ಮಣ್ಣಿಗೆ ಅವು ಮೈ ತುಂಬಿಕೊಳ್ಳುತ್ತವೆ. ಇಷ್ಟೊಂದನ್ನು ಕಳೆದು ಇಷ್ಟನ್ನು ಉಳಿಸಿಕೊಳ್ಳುವ ಕೆಲಸವನ್ನು ನಾನು ಮಾಡಲಾರೆ. ಆದರೆ ಉಳಿದದ್ದಕ್ಕೆ ಇಡೀ ಬೆಟ್ಟದ ಕೊಳವನ್ನು ಬಿಟ್ಟುಕೊಡುವುದು ಅರ್ಥವಾಗುತ್ತದೆ. 2004ರ ಅಕ್ಟೋಬರ್ 23ರಂದು ಅಲ್ಲಿ ದೊಡ್ಡ ಭೂಕಂಪವಾಯಿತು. ಕೊಳಗಳು ಒಡೆದವು, ರಸ್ತೆಗಳು ಕುಸಿದವು, ಯಮಕೋಶಿಯ ಜನರೆಲ್ಲ ಊರು ಬಿಡಬೇಕಾಯಿತು. ಆಮೇಲೆ ಬದುಕಿದ್ದ ಮೀನುಗಳಲ್ಲಿ ಕೆಲವನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿದರು. ಮನೆ ಕಳೆದುಕೊಂಡ ಜನ ಮೀನಿಗಾಗಿ ಬೆಟ್ಟಕ್ಕೆ ವಾಪಸ್ ಹೋದದ್ದನ್ನು ಓದಿ ನಾನು ಅತ್ತಿದ್ದೇನೆ.

ಈಗ

ನಮ್ಮವು ಜಪಾನಿನಿಂದ ಬಂದವಲ್ಲ. ಇಲ್ಲೇ ಬೆಳೆದ ಮರಿಗಳು, ಮಿಶ್ರ ತಳಿ. ತಿಳಿದವರು ನೋಡಿದರೆ ಕೆಂಪಿನ ಅಂಚು ಸರಿಯಿಲ್ಲ, ಬಿಳುಪು ಹಳದಿಗೆ ತಿರುಗಿದೆ ಅನ್ನಬಹುದು. ಅಪ್ಪ ಅವಕ್ಕೆ ತಮ್ಮ ಕೊಟ್ಟಿಗೆಯ ಹೆಸರುಗಳನ್ನೇ ಇಟ್ಟಿದ್ದಾರೆ. ಕೆಂಪಿ, ಗೌರಿ, ಕರಿಯ, ಬೆಳ್ಳಿ, ಚುಕ್ಕಿ. ಕೆಂಪಿ ಈಗ ಹದಿನೆಂಟು ಇಂಚು. ಮೊದಲ ಬೇಸಿಗೆಯಲ್ಲಿ ನೀರು ಪಾಚಿಗಟ್ಟಿ ಹಸಿರಾಯಿತು, ಮೇಲೆ ನೆರಳಿನ ಬಲೆ ಕಟ್ಟಿದ ಮೇಲೆ ಸರಿಹೋಯಿತು. ಕೊಕ್ಕರೆ ಬಂದು ಕಟ್ಟೆ ಮೇಲೆ ನಿಂತು ನೋಡಿಕೊಂಡು ಹೋಗುತ್ತದೆ. ಜೋರು ಮಳೆ ಬಂದಾಗ ಮಾತ್ರ ನಾನು ಎದ್ದು ಪಿಎಚ್ ನೋಡುತ್ತೇನೆ. ಕರೆಂಟು ಹೋದರೆ ಗಾಳಿ ಪಂಪು ಯುಪಿಎಸ್ ಮೇಲೆ ಓಡುತ್ತದೆ. ಸೊಳ್ಳೆ ಆಗುತ್ತದೆ ಅಂತ ಹೆದರಿದ್ದ ಬೀದಿಯವರು ಈಗ ಹೆದರುವುದಿಲ್ಲ, ಮರಿಹುಳ ಒಂದೂ ಉಳಿಯುವುದಿಲ್ಲ.

ಹೋದ ವರ್ಷ ಪರಿಚಯದವರೊಬ್ಬರು ಊರು ಬಿಡುವಾಗ ತಮ್ಮ ನಾಲ್ಕು ದೊಡ್ಡ ಕೋಯಿಗಳನ್ನು ಕೊಡುತ್ತೇನೆ ಅಂದರು. ಇಲ್ಲದಿದ್ದರೆ ಕುಕ್ಕರಹಳ್ಳಿ ಕೆರೆಗೆ ಬಿಡುತ್ತೇನೆ ಅಂದರು. ಎರಡೂ ಬೇಡ ಅಂದೆ. ಕೆರೆಗೆ ಬಿಟ್ಟರೆ ಅವು ತಳದ ಕೆಸರು ಕೆದಕಿ ನೀರು ಕದಡುತ್ತವೆ, ಗಿಡ ಕೀಳುತ್ತವೆ, ಅಲ್ಲಿರುವ ಮೀನಿಗೆ ರೋಗವನ್ನೂ ಹಂಚಬಹುದು. ಎರಡು ವಾರ ಫೋನು ಮಾಡಿ ಮಾಡಿ, ತೋಟದಲ್ಲಿ ದೊಡ್ಡ ಕೊಳ ಇರುವ ಒಬ್ಬರನ್ನು ಹುಡುಕಿ ಅಲ್ಲಿಗೆ ಸೇರಿಸಿದೆವು. ನಮ್ಮ ಕೊಳದಲ್ಲಿ ಜಾಗ ಇದೆಯಲ್ಲ ಅಂತ ಅವರಿಗೆ ಸ್ವಲ್ಪ ಬೇಜಾರೂ ಆಯಿತು. ಜಾಗ ಇದೆ. ಅದು ಈ ಐದರದ್ದು.

ಹೋದ ಭಾನುವಾರ ನನ್ನ ಸಹೋದ್ಯೋಗಿಯ ಮನೆಯವರು ಬಂದಿದ್ದರು. ಜೊತೆಗೆ ಆರು ವರ್ಷದ ಮಗಳು. ಅವಳು ಕಟ್ಟೆ ಮೇಲೆ ಬೋರಲು ಮಲಗಿ ಎಣಿಸಿದಳು. ಎರಡು ಸಲ ತಪ್ಪಿ ಮೂರನೇ ಸಲ ಸರಿಯಾಗಿ ಎಣಿಸಿ ಅಪ್ಪನ ಕಡೆ ತಿರುಗಿ "ತಾತಾ, ಐದೇನಾ?" ಅಂದಳು. ನಾನು ಲೆಕ್ಕ ಹೇಳಲು ಬಾಯಿ ತೆರೆದೆ.

"ಹನ್ನೆರಡಿದ್ವು" ಅಂದರು ಅಪ್ಪ. "ನಮಗೆ ಸಾಕೋಕೆ ಸರಿಯಾಗಿ ಬರ್ಲಿಲ್ಲ. ಏಳು ಹೋದ್ವು."

"ಎಲ್ಲಿಗ್ ಹೋದ್ವು?"

ಅಪ್ಪ ಮೂಲೆಯ ಬಾಳೆ ಗುಂಪನ್ನು ತೋರಿಸಿದರು. ಮಗು ಎದ್ದು ಅಲ್ಲಿಗೆ ಹೋದಳು. ಬುಡದ ಮಣ್ಣು ನೋಡಿದಳು, ತಲೆ ಎತ್ತಿ ಇಳಿಬಿದ್ದ ಗೊನೆ ನೋಡಿದಳು. ವಾಪಸ್ ಬಂದು ಅಪ್ಪನ ಕುರ್ಚಿಯ ಪಕ್ಕ ನಿಂತು ಕೈ ಚಾಚಿದಳು. ಅಪ್ಪ ಡಬ್ಬಿಯಿಂದ ಸ್ವಲ್ಪವೇ ಕಾಳು ತೆಗೆದು ಅವಳ ಅಂಗೈಗೆ ಹಾಕಿದರು. "ಒಂದೊಂದೇ ಹಾಕು ಮಗಾ" ಅಂದರು. ನಾನು ಅವರ ಹಿಂದೆ ನಿಂತಿದ್ದೆ. ಕೆಂಪಿ ಮೊದಲು ಬಂತು.